ಎಂಟನೆಯ ಸಾಲಿನ ಆರು ಪಾಯಿಂಟ್ ನಾಲ್ಕು

ನನಗೆ ಮನೆಯಲ್ಲಿ ಒಬ್ಬರು ಅತ್ತೆ ಇದ್ದಾರೆ. ಮಗಳ ಶಾಲೆಯಲ್ಲಿ ಇನ್ನೊಬ್ಬರು ಸಿಕ್ಕರು. ಮನೆಯ ಅತ್ತೆ ನನ್ನ ಗಂಡನ ತಾಯಿ. ಅವರ ವಿಷಯ ಇಲ್ಲಿ ಬೇಡ, ನಾನು ಬರೆದದ್ದನ್ನೆಲ್ಲ ಅವರು ಓದುತ್ತಾರೆ. ಶಾಲೆಯ ಅತ್ತೆ ವಿಜ್ಞಾನದ ಲ್ಯಾಬಿನಲ್ಲಿ ಸಹಾಯಕಿ. ಮಕ್ಕಳು ಅವರಿಗಿಟ್ಟ ಹೆಸರು ಇನ್ನೊಂದ್ಸಲತ್ತೆ.

ಹತ್ತೊಂಬತ್ತನೆಯ ವಯಸ್ಸಿಗೆ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವರು. ಹತ್ತನೇ ಕ್ಲಾಸಿನವರೆಗೆ ಓದಿದ್ದರು. ಪ್ರಯೋಗ ಮಾಡುವ ಮಕ್ಕಳು ಉದ್ದನೆಯ ಗಾಜಿನ ಕೊಳವೆಯಲ್ಲಿ ದ್ರವದ ಮಟ್ಟವನ್ನು ಮೇಲಿನಿಂದ ಬಗ್ಗಿ ನೋಡಿ ಏನೋ ಒಂದು ಅಂಕಿ ಗೀಚುವುದನ್ನು ಸಿಂಕಿನ ಹತ್ತಿರ ನಿಂತು ನೋಡುತ್ತಿದ್ದರಂತೆ. ಎರಡು ವರ್ಷ ಬಾಯಿ ಮುಚ್ಚಿಕೊಂಡು ನೋಡಿದರು. ಮೂರನೇ ವರ್ಷ ತಡೆಯಲಾಗಲಿಲ್ಲ. ಕೈಯ ಸೋಪಿನ ನೊರೆಯನ್ನು ಸೀರೆಗೆ ಒರೆಸಿಕೊಂಡು ಬಂದು, "ಇನ್ನೊಂದ್ಸಲ ನೋಡು. ಕಣ್ಣು ಸಮಕ್ಕೆ ತಂದು ನೋಡು," ಅಂದರು. ಅಲ್ಲಿಂದ ಮುಂದೆ ಮೂವತ್ತೆಂಟು ವರ್ಷ ಅದನ್ನೇ ಹೇಳಿದರು. ಈಗ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಅವರ ಕುರ್ಚಿಯ ಮೇಲೆ ಬಾಯಿ ಕಳೆದು ಮಲಗಿದ್ದಾಗಲೂ ಇವರು ಕೈಸನ್ನೆ ಮಾಡಿ ಇನ್ನೊಂದ್ಸಲ ನೋಡು ಅಂದಿದ್ದರಂತೆ. ನೋಡಿದರೆ ಡಾಕ್ಟರು ಇಕ್ಕಳ ಹಾಕಿದ್ದು ಪಕ್ಕದ ಹಲ್ಲಿಗೆ.

ಹನ್ನೆರಡು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದು ದೂರದರ್ಶಕ ಕಳಿಸಿದರು. ಎರಡು ಮರದ ಪೆಟ್ಟಿಗೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವ ಮಾತಿನಲ್ಲೇ ಎರಡು ವರ್ಷ ಕಳೆಯಿತು. ಒಡೆದರೆ ಯಾರು ಜವಾಬ್ದಾರಿ? ಕೊನೆಗೆ ಸ್ಟೋರ್ ರೂಮಿನ ಧೂಳು ಹೊಡೆಯುತ್ತಿದ್ದ ಇವರೇ ಪೆಟ್ಟಿಗೆ ತೆಗೆದರು. ಜೊತೆಗಿದ್ದ ಪುಸ್ತಿಕೆಯನ್ನು ನಿಘಂಟು ಇಟ್ಟುಕೊಂಡು ಓದಿ, ಒಂದೊಂದೇ ತಿರುಪು ಹಾಕಿ, ಒಂದು ಮಧ್ಯಾಹ್ನ ತಾರಸಿಯ ಮೇಲೆ ನಿಲ್ಲಿಸಿ ಎದುರಿನ ನೀರಿನ ಟ್ಯಾಂಕಿನತ್ತ ತಿರುಗಿಸಿದರು. ಟ್ಯಾಂಕು ತಲೆಕೆಳಗಾಗಿ ಕಂಡಿತು. ಎಲ್ಲೋ ತಪ್ಪು ಜೋಡಿಸಿದೆ ಅಂತ ಪೂರ್ತಿ ಬಿಚ್ಚಿದರು. ಹೀಗೆ ಮೂರು ಸಲ. ನಾಲ್ಕನೇ ದಿನ ಪುಸ್ತಿಕೆಯ ಕೊನೆಯ ಪುಟದಲ್ಲಿ, ಹಾಗೆ ಕಾಣುವುದೇ ಸರಿ ಅಂತ ಬರೆದಿತ್ತು.

"ಮೂರು ಸಲ ಬಿಚ್ಚಿದ್ದಕ್ಕೇ ನಂಗೆ ಅದರ ಹೊಟ್ಟೆಯೊಳಗಿನದೆಲ್ಲ ಗೊತ್ತಾಗಿದ್ದು," ಅನ್ನುತ್ತಾರೆ.

ಅವರ ಗಂಡನಿಗೆ ಬಸ್ ನಿಲ್ದಾಣದ ಹಿಂದೆ ಒಂದು ಕ್ಷೌರದ ಅಂಗಡಿ, ಎರಡು ಕುರ್ಚಿಯದು. ಆತ ಹೆಂಡತಿಯನ್ನು ರೇಗಿಸದ ದಿನವಿಲ್ಲ. "ನಾನೂ ದಿನವಿಡೀ ಎರಡು ಕಿವಿ ಹತ್ತಿರದ ಕೂದಲು ಸಮ ಮಾಡ್ತೀನಿ. ಒಂದೇ ಸಲ ನೋಡ್ತೀನಿ. ಇವತ್ತಿನವರೆಗೂ ಒಬ್ಬ ಗಿರಾಕಿ ಬಂದು ಸರಾಸರಿ ಎಷ್ಟು ಬಂತು ಅಂತ ಕೇಳಿಲ್ಲ."

ಮಗಳು ಏಳನೇ ಕ್ಲಾಸಿಗೆ ಬಂದ ವರ್ಷ ಇವರ ಗುಂಪಿಗೆ ಸೇರುತ್ತೇನೆ ಅಂದಳು. ಕೆಲಸ ಇಷ್ಟು: ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿ ಕಾಣುವ ಕೆಲವು ನಕ್ಷತ್ರಗಳು ದೂರದರ್ಶಕದಲ್ಲಿ ಎರಡಾಗುತ್ತವೆ. ಅವು ಒಂದನ್ನೊಂದು ಸುತ್ತುವ ನಿಜವಾದ ಜೋಡಿಯೋ, ಅಥವಾ ನಾವು ನೋಡುವ ದಿಕ್ಕಿನಲ್ಲಿ ಸುಮ್ಮನೆ ಹತ್ತಿರ ಕಾಣುವ ಅಪರಿಚಿತರೋ ಅನ್ನುವುದು ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ಈಗ ಒಂದರಿಂದೊಂದು ಎಷ್ಟು ದೂರದಲ್ಲಿವೆ ಅಂತ ಅಳೆದು ಬರೆದಿಡಬೇಕು. ಇನ್ನು ಇಪ್ಪತ್ತೋ ಐವತ್ತೋ ವರ್ಷಕ್ಕೆ ಬೇರೆ ಯಾರೋ ಅಳೆದು ಹೋಲಿಸುತ್ತಾರೆ. ದೊಡ್ಡ ದೊಡ್ಡ ವೀಕ್ಷಣಾಲಯಗಳಿಗೆ ಎಲ್ಲ ಜೋಡಿಗಳನ್ನೂ ನೋಡಲು ಪುರುಸೊತ್ತಿಲ್ಲ. ಹಾಗಾಗಿ ಶಾಲೆಯ ಮಕ್ಕಳು ಅಳೆದು ಕಳಿಸಿದ್ದನ್ನೂ ಪ್ರಕಟಿಸುವ ಸಣ್ಣ ಪತ್ರಿಕೆಯೊಂದಿದೆ. ಆ ವರ್ಷ ಇವರು ಆರಿಸಿಕೊಂಡ ಜೋಡಿಗೆ ಹೆಸರೂ ಇಲ್ಲ, ಪಟ್ಟಿಯಲ್ಲಿ ಒಂದು ನಂಬರು ಅಷ್ಟೇ. ಒಂದು ಹಳದಿ, ಪಕ್ಕದಲ್ಲಿ ಮಂಕಾದ ಒಂದು ನೀಲಿ. ಹದಿನೆಂಟು ವರ್ಷದಿಂದ ಅವುಗಳತ್ತ ಯಾರೂ ತಿರುಗಿ ನೋಡಿರಲಿಲ್ಲ.

ಮಗಳ ಎಡಗಣ್ಣು ಹುಟ್ಟಿದಾಗಿನಿಂದ ಮಂಕು. ನಾಲ್ಕನೇ ವಯಸ್ಸಿಂದ ಏಳರವರೆಗೆ ಬಲಗಣ್ಣಿಗೆ ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕೊಡಿಸಿದೆವು. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಪ್ರತಿ ವರ್ಷ ಹೊಸ ಕ್ಲಾಸಿನ ಟೀಚರಿಗೆ ನಾನು ಒಂದು ಚೀಟಿ ಬರೆಯುತ್ತೇನೆ: ಇವಳಿಗೆ ಕಣ್ಣು ಸರಿಯಿಲ್ಲ, ದಯವಿಟ್ಟು ಮುಂದಿನ ಬೆಂಚು. ಮೆಟ್ಟಿಲು ಕಂಡರೆ ನನ್ನ ಬಾಯಿಂದ ತಾನಾಗಿಯೇ ಬರುತ್ತದೆ, ಜೋಪಾನ, ಕಣ್ಣು. ಅದಕ್ಕೇ ಇನ್ನೊಂದ್ಸಲತ್ತೆಯನ್ನು ನೋಡಲು ಮೊದಲ ಸಲ ಹೋದಾಗ ನನ್ನ ಹತ್ತಿರ ಪ್ರಶ್ನೆಗಳ ಪಟ್ಟಿಯೇ ಇತ್ತು.

"ತಾರಸಿಗೆ ಮೆಟ್ಟಿಲು ಎಷ್ಟು?"

"ಐವತ್ತೆರಡು."

"ಮೇಲೆ ಗೋಡೆ ಎಷ್ಟು ಎತ್ತರ?"

"ನಿಮ್ಮ ಎದೆಮಟ್ಟ. ಟೇಪು ಕೊಡ್ಲಾ, ನೀವೇ ಅಳೀತೀರಾ?"

"ಎಷ್ಟೊತ್ತಿಗೆ ಬಿಡ್ತೀರಿ?"

"ಎಂಟಕ್ಕೆ ಮುಂಚೆ. ನಾನು ಊಟಕ್ಕೆ ಹೋಗ್ಲಿಲ್ಲ ಅಂದ್ರೆ ನಮ್ಮ ಮನೆಯವರು ಕತ್ತರಿ ಹಿಡ್ಕೊಂಡೇ ಹುಡುಕ್ಕೊಂಡು ಬರ್ತಾರೆ."

"ಮತ್ತೆ, ಇವಳಿಗೆ ಎಡಗಣ್ಣು ಸರಿಯಿಲ್ಲ."

ಮಗಳು ನೆಲ ನೋಡಿದಳು. ಅತ್ತೆ ಅವಳ ಕಡೆ ತಿರುಗಿ, "ಇದಕ್ಕೆ ಒಂದೇ ಕಣ್ಣು ಸಾಕು ಪುಟ್ಟಿ. ಎರಡೂ ಚೆನ್ನಾಗಿರೋರು ಒಂದನ್ನ ಮುಚ್ಚೋದಕ್ಕೇ ಒದ್ದಾಡ್ತಾರೆ. ನಿನಗೆ ಆ ತಾಪತ್ರಯ ಇಲ್ಲ," ಅಂದರು.

ಗುಂಪಿನಲ್ಲಿ ನಾಲ್ಕು ಹುಡುಗಿಯರು. ನೋಡುವ ಗಾಜಿನೊಳಗೆ ಅಡಿಪಟ್ಟಿಯ ಹಾಗೆ ಸಣ್ಣ ಗೆರೆಗಳಿವೆ. ದೂರದರ್ಶಕವನ್ನು ನಕ್ಷತ್ರದ ಜೊತೆಗೇ ತಿರುಗಿಸಲು ಒಂದು ಮೋಟರಿದೆ; ಮೊದಲು ಅದನ್ನು ನಿಲ್ಲಿಸುತ್ತಾರೆ. ಭೂಮಿ ತಿರುಗುವುದರಿಂದ ನಕ್ಷತ್ರ ತಾನೇ ಗೆರೆಗಳ ಮೇಲೆ ತೇಲಿಕೊಂಡು ಹೋಗುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಗೆರೆ ದಾಟಿತು ಅನ್ನುವುದರಿಂದ ಒಂದು ಗೆರೆಯ ಬೆಲೆ ಗೊತ್ತಾಗುತ್ತದೆ. ಆಮೇಲೆ ಮೋಟರು ಹಾಕಿ ಎರಡು ನಕ್ಷತ್ರಗಳ ನಡುವೆ ಎಷ್ಟು ಗೆರೆ ಅಂತ ಎಣಿಸಬೇಕು, ಅರ್ಧ ಕಾಲು ಅಂದಾಜು ಸೇರಿಸಿ. ಒಬ್ಬೊಬ್ಬರೂ ಹತ್ತು ಸಲ, ಪ್ರತಿ ಸಲ ಬೇರೆ ಗೆರೆಯಿಂದ ಶುರುಮಾಡಿ. ಅವರವರ ಅಂಕಿ ಅವರವರ ನೋಟ್‌ಬುಕ್ಕಿನಲ್ಲಿ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ, ಹೊಡೆದುಹಾಕುವಂತಿಲ್ಲ, ರಬ್ಬರು ತಾರಸಿಗೆ ತರುವಂತಿಲ್ಲ. ರಬ್ಬರು ಸಿಕ್ಕಿದರೆ ಅತ್ತೆ ವಶಪಡಿಸಿಕೊಳ್ಳುತ್ತಿದ್ದರು. ಲ್ಯಾಬಿನ ಕಪಾಟಿನಲ್ಲಿ ಒಂದು ಬಾಟಲಿ ತುಂಬ ಇದ್ದವು.

ಮೂರು ಸಂಜೆಯಲ್ಲಿ ಅಳತೆ ಮುಗಿಯಿತು. ಗಣಿತದ ಮೇಷ್ಟ್ರು ಲೇಖನ ಬರೆದರು. ನಾಲ್ಕು ಹುಡುಗಿಯರ ಹೆಸರು, ಕೊನೆಯಲ್ಲಿ ಇನ್ನೊಂದ್ಸಲತ್ತೆಯದು. ಇಷ್ಟು ವರ್ಷ ಮಕ್ಕಳನ್ನು ಆಕಾಶಕ್ಕೆ ಹತ್ತಿಸಿದ್ದರೂ ಯಾವುದನ್ನೂ ಕಳಿಸುವ ಮಟ್ಟಕ್ಕೆ ತಂದಿರಲಿಲ್ಲ, ಇದೇ ಮೊದಲು. ತಿಂಗಳ ಕೊನೆಗೆ ಅವರ ನಿವೃತ್ತಿ. ಶುಕ್ರವಾರ ಕಳಿಸಿದರೆ ಈ ಸಂಚಿಕೆಗೆ ಸೇರಿ, ಬೀಳ್ಕೊಡುಗೆಯ ದಿನ ಅಚ್ಚಾದ ಪ್ರತಿಯನ್ನೇ ಅವರ ಕೈಗೆ ಕೊಡಬಹುದು ಅನ್ನುವುದು ಮೇಷ್ಟ್ರ ಲೆಕ್ಕ. ಕ್ಷೌರದ ಅಂಗಡಿಯಲ್ಲಿ ಕನ್ನಡಿಯ ಪಕ್ಕ ಒಂದು ಮೊಳೆ ಆಗಲೇ ಹೊಡೆದಾಗಿತ್ತು, ನೇತುಹಾಕಲು.

ಬುಧವಾರ ಮಧ್ಯಾಹ್ನ ಮಗಳನ್ನು ಕರೆತರಲು ಹೋದಾಗ ಅತ್ತೆ ಲ್ಯಾಬಿನ ಉದ್ದ ಮೇಜಿನ ಮೇಲೆ ನಾಲ್ಕು ನೋಟ್‌ಬುಕ್ಕು ಬಿಚ್ಚಿ ಕೂತಿದ್ದರು. ಮಗಳು ಎದುರಿಗೆ ಸ್ಟೂಲಿನ ಮೇಲೆ. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಬನ್ನಿ ಕೂತ್ಕೊಳ್ಳಿ," ಅಂದರು ನನಗೆ. ಮತ್ತೆ ಮಗಳಿಗೆ, "ಪುಟ್ಟಿ, ನಿನ್ನ ಅಂಕಿ ಓದು."

ಅವಳು ಓದಿದಳು. ಏಳು ಪಾಯಿಂಟ್ ಒಂದು. ಏಳು ಪಾಯಿಂಟ್ ಒಂದು. ಏಳು. ಏಳು ಪಾಯಿಂಟ್ ಒಂದು. ಹತ್ತೂ ಹಾಗೇ.

"ಉಳಿದವರದು ನೋಡು. ಆರೂಮುಕ್ಕಾಲು, ಏಳೂಕಾಲು, ಹಿಂದೆ ಮುಂದೆ ಓಡಾಡಿದೆ. ನಾನೇ ಅಳೆದ್ರೂ ಓಡಾಡುತ್ತೆ. ನಿನ್ನದು ಒಂದೇ ಕಡೆ ಗೂಟ ಹೊಡ್ಕೊಂಡು ಕೂತಿದೆ. ಇಷ್ಟು ಚೆನ್ನಾಗಿ ಯಾರೂ ಅಳೆಯಲ್ಲ ಕಣೆ."

ಬೈದ ಹಾಗೆ ಇರಲಿಲ್ಲ ಆ ದನಿ. ಮಗಳು ಸ್ಟೂಲಿನ ಅಂಚು ಕೆರೆದಳು. ಆಮೇಲೆ ನೋಟ್‌ಬುಕ್ಕು ತಿರುಗಿಸಿ ಕೊನೆಯ ಪುಟ ತೆಗೆದಳು. ಅಲ್ಲಿ ಪೆನ್ಸಿಲಿನಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ ಬೇರೆ ಅಂಕಿಗಳಿದ್ದವು. ಅವು ಓಡಾಡಿದ್ದವು.

"ಇದು ನಂಗೆ ಕಾಣಿಸಿದ್ದು," ಅಂದಳು. "ಉಳಿದ ಮೂವರು ಮೆಟ್ಟಿಲ ಹತ್ರ ಏಳು ಪಾಯಿಂಟ್ ಒಂದು ಅಂತ ಮಾತಾಡ್ಕೊಳ್ತಿದ್ರು. ಕೇಳಿಸ್ತು. ನನ್ನ ಕಣ್ಣು ಸರಿಯಿಲ್ವಲ್ಲ, ಅದಕ್ಕೆ ನಂದು ತಪ್ಪಿರುತ್ತೆ ಅಂತ..." ನೋಟ್‌ಬುಕ್ಕು ಮುಚ್ಚಿದಳು. ನನ್ನ ಕಡೆ ನೋಡಲಿಲ್ಲ.

ಆ ಮಾತು ಎಲ್ಲಿಂದ ಬಂತು ಅಂತ ಆ ಕೋಣೆಯಲ್ಲಿ ಮೂವರಿಗೂ ಗೊತ್ತಿತ್ತು. ಚೀಟಿಯಲ್ಲಿ ನಾನು ಎಂದೂ ಎಡಗಣ್ಣು ಅಂತ ಬರೆದವಳಲ್ಲ; ಕಣ್ಣು ಅಂತಲೇ. ದೂರದರ್ಶಕಕ್ಕೆ ಇಟ್ಟದ್ದು ಅವಳ ಬಲಗಣ್ಣು, ಒಂದಿಷ್ಟೂ ದೋಷವಿಲ್ಲದ್ದು. ಅದನ್ನೂ ಅವಳು ನಂಬಿರಲಿಲ್ಲ.

ಮಗಳನ್ನು ಹೊರಗೆ ಕೂರಿಸಿ ಬಂದು ನಾನು ಕೇಳಿಕೊಂಡೆ. "ಅವಳ ಅಂಕಿ ತೆಗೆದುಬಿಡಿ. ಮೂವರದೇ ಸಾಕಲ್ಲ, ಹೆಸರೂ ಬೇಡ. ಶುಕ್ರವಾರ ಕಳಿಸಿ. ಇವಳಿಂದ ನಿಮ್ಮದು ನಿಲ್ಲೋದು ಬೇಡ."

"ಮೇಷ್ಟ್ರೂ ಅದನ್ನೇ ಹೇಳಿದ್ರು. ತೆಗೆದ್ರೆ ಲೇಖನಕ್ಕೇನೂ ಆಗಲ್ಲ."

"ಮತ್ತೆ?"

"ಅವಳಿಗೆ ಆಗುತ್ತೆ."

"ಹಾಗಾದ್ರೆ ಹಿಂದಿನ ಪುಟದ್ದು ಹಾಕಿ. ಅದು ನಿಜವಾದ್ದೇ ಅಲ್ವಾ?"

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಎರಡು ಸಾಲು ಇಟ್ಕೊಂಡು ಯಾವುದು ಬೇಕೋ ಅದನ್ನ ಆರಿಸ್ಕೊಳ್ಳೋದು ಅಳತೆ ಆಗಲ್ಲಮ್ಮ. ಇನ್ನೊಂದ್ಸಲ ಅಳೆಯೋಣ."

"ಶುಕ್ರವಾರ?"

"ಶುಕ್ರವಾರ ಬರುತ್ತೆ, ಹೋಗುತ್ತೆ."

ನಿಜವಾದ ಗಡುವು ಶುಕ್ರವಾರವಲ್ಲ, ಆಕಾಶ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಮುಳುಗುತ್ತವೆ. ಆ ಜೋಡಿ ಆಗಲೇ ಪಶ್ಚಿಮಕ್ಕೆ ಇಳಿದಿತ್ತು. ಕತ್ತಲಾದ ಮೇಲೆ ಎದುರಿನ ಕಟ್ಟಡದ ಹಿಂದೆ ಸರಿಯುವ ಮುಂಚೆ ಸಿಗುವುದು ಒಂದೂಕಾಲು ಗಂಟೆ. ಹತ್ತು ದಿನ ಕಳೆದರೆ ನಾಲ್ವರೂ ಅಳೆಯುವಷ್ಟು ಹೊತ್ತು ಉಳಿಯುವುದಿಲ್ಲ. ಮತ್ತೆ ಮುಂದಿನ ವರ್ಷ. ಆಗ ಅತ್ತೆ ಶಾಲೆಯಲ್ಲಿರುವುದಿಲ್ಲ. ಬೀಗದ ಕೈ ಮತ್ತೆ ಯಾರ ಹತ್ತಿರವೋ.

ಆ ಸಂಜೆಯೇ ಮೋಡ ಕವಿಯಿತು. ಗುರುವಾರ ಮೋಡ. ಶುಕ್ರವಾರ ಮೋಡದ ಜೊತೆ ಗಾಳಿ. ಮಗಳು ಊಟ ಕಡಿಮೆ ಮಾಡಿದಳು. "ನನ್ನಿಂದ ಅವರ ಹೆಸರು ಬರಲ್ಲ," ಅಂತ ಒಂದು ಸಲ ಅಂದಳು. ನಾನು ದಿನಕ್ಕೆ ಇಪ್ಪತ್ತು ಸಲ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದೆ. ಗಂಡ, "ನೀನು ನೋಡಿದ್ದಕ್ಕೆ ಮೋಡ ನಾಚ್ಕೊಂಡು ಹೋಗುತ್ತಾ?" ಅಂದರು. ಮನೆಯ ಅತ್ತೆ ಮಾತ್ರ ಆರನೇ ದಿನ ತಾರಸಿಗೆ ಹೋಗಿ ಬಂದು, "ಪಡುವಣ ಕಡೆ ಸ್ವಲ್ಪ ಹರಿದಿದೆ, ಹೊರಡಿ," ಅಂದರು. ಹೋದೆವು. ನಾವು ಐವತ್ತೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಮುಚ್ಚಿಕೊಂಡಿತು.

ಎಂಟನೇ ದಿನ ತೆರೆಯಿತು.

ಆರೂಮುಕ್ಕಾಲಿಗೇ ಎಲ್ಲರೂ ತಾರಸಿಯಲ್ಲಿ. ದೂರದರ್ಶಕದ ಬಾಯಿ ಒಂದು ಗೇಣಗಲ. ಅತ್ತೆ ಅದರ ಮುಚ್ಚಳ ತೆಗೆಯುವಾಗ ಮಗುವಿನ ಟೋಪಿ ತೆಗೆದಂತೆ ತೆಗೆಯುತ್ತಾರೆ. ಮೋಟರು ನಿಲ್ಲಿಸಿ, ತೇಲುವ ನಕ್ಷತ್ರಕ್ಕೆ ಸೆಕೆಂಡು ಎಣಿಸಿ ಆಯಿತು. ಆಮೇಲೆ ಹೊಸ ಕಟ್ಟಳೆ ಹೇಳಿದರು.

"ಇವತ್ತಿಂದ ನೋಡೋರು ಬರೆಯಲ್ಲ. ಬರೆಯೋರು ಬೇರೆ. ಬರೆಯೋರು ಮಾತಾಡಲ್ಲ, ತಲೆ ಆಡಿಸಲ್ಲ, ಉಸ್ ಅನ್ನಲ್ಲ. ಮೊದಲ ಸರದಿ ಪುಟ್ಟಿದು. ಉಳಿದವರು ಕೆಳಗಿನ ಅಂತಸ್ತಿಗೆ ಹೋಗಿ."

"ಬರೆಯೋರು ಯಾರು?" ಅಂದಳು ಮಗಳು.

"ನಿಮ್ಮಮ್ಮ."

ನನ್ನ ಕೈಗೆ ಒಂದು ನೋಟ್‌ಬುಕ್ಕು, ಕೆಂಪು ಕಾಗದ ಸುತ್ತಿದ ಟಾರ್ಚು ಬಂತು. ಬೇಡ ಅನ್ನಲು ಬಾಯಿ ತೆರೆದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

ಮಗಳು ಕನ್ನಡಕ ತೆಗೆದು ನನ್ನ ಮಡಿಲಲ್ಲಿ ಹಾಕಿ ಬಗ್ಗಿದಳು. ಫೋಕಸಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಆಮೇಲೆ, "ಆರು ಪಾಯಿಂಟ್ ಎಂಟು."

ಬರೆದೆ. ಉಳಿದವರದು ಏಳು ಪಾಯಿಂಟ್ ಒಂದು ಅಂತ ನನಗೆ ಗೊತ್ತಿತ್ತಲ್ಲ. ಕೆಳಗಿನ ಸಾಲಿಗೆ ಎರಡು ಅಂತ ನಂಬರು ಹಾಕಿದೆ.

"ಏಳು ಪಾಯಿಂಟ್ ಮೂರು."

"ಏಳು."

"ಏಳು ಪಾಯಿಂಟ್ ನಾಲ್ಕು."

ಪ್ರತಿ ಅಂಕಿಗೂ ಅವಳು ಒಂದು ಗಳಿಗೆ ಕಾಯುತ್ತಿದ್ದಳು. ನನ್ನಿಂದ ಏನೋ ಬರಬಹುದು ಅಂತ ಕಾಯುತ್ತಿದ್ದಾಳೆ ಅನ್ನುವುದು ಐದನೆಯ ಅಂಕಿಯ ಹೊತ್ತಿಗೆ ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ಬರುತ್ತಲೇ ಇತ್ತಲ್ಲ. ಟಾರ್ಚನ್ನು ಕಾಗದಕ್ಕೆ ಇನ್ನಷ್ಟು ಹತ್ತಿರ ಹಿಡಿದು ಬರೆಯುತ್ತಾ ಹೋದೆ. ಆರು ಪಾಯಿಂಟ್ ಒಂಬತ್ತು. ಏಳು ಪಾಯಿಂಟ್ ಎರಡು. ಏಳು ಪಾಯಿಂಟ್ ಒಂದು.

ಎಂಟನೆಯದಕ್ಕೆ ತಡಮಾಡಿದಳು. ಕಣ್ಣು ತೆಗೆದಳು, ಮತ್ತೆ ಇಟ್ಟಳು.

"ಆರು ಪಾಯಿಂಟ್ ನಾಲ್ಕು."

ಅಷ್ಟು ಕಡಿಮೆ ಯಾರಿಗೂ ಬಂದಿರಲಿಲ್ಲ. ಇನ್ನೊಮ್ಮೆ ನೋಡು ಕಂದ, ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿದೆ. ಪಕ್ಕದಲ್ಲಿ ನಿಂತಿದ್ದ ಅತ್ತೆ, ಬದುಕಿಡೀ ಆ ಒಂದು ಮಾತನ್ನೇ ಹೇಳಿಕೊಂಡು ಬಂದವರು, ಅವರೂ ಅನ್ನಲಿಲ್ಲ. ಕತ್ತಲಲ್ಲಿ ಅವರ ಬಳೆ ಮಾತ್ರ ಒಂದು ಸಲ ಸದ್ದು ಮಾಡಿತು.

"ಕಡಿಮೆ ಅನ್ಸುತ್ತೆ," ಅಂದಳು ಮಗಳು, ಕಣ್ಣು ತೆಗೆಯದೆ. ನಮ್ಮಿಬ್ಬರಿಗಲ್ಲ, ಆ ಹಳದಿ ನೀಲಿಗೆ ಹೇಳುವ ಹಾಗೆ. "ಆದ್ರೆ ನಂಗೆ ಕಾಣಿಸಿದ್ದು ಅದೇ. ಬರಿ ಅಮ್ಮ."

ಬರೆದೆ.

ಇನ್ನೆರಡು ಅಳೆದು ಎದ್ದಳು: ಏಳು ಪಾಯಿಂಟ್ ಮೂರು, ಏಳು. ಕೆಳಗಿನಿಂದ ಮೂವರೂ ಬಂದು ಒಬ್ಬೊಬ್ಬರಾಗಿ ಅಳೆದರು. ಕೊನೆಯವಳ ಒಂಬತ್ತನೆಯ ಅಂಕಿಗೆ ನೀಲಿ ನಕ್ಷತ್ರ ಎದುರಿನ ಕಟ್ಟಡದ ಅಂಚಿಗೆ ತಾಗಿ ಆರಿಹೋಯಿತು. ಅವಳಿಗೆ ಒಂಬತ್ತೇ. ಒಂಬತ್ತು ಅಂತಲೇ ಬರೆದರು.

ಮರುದಿನ ಕಪ್ಪು ಹಲಗೆಯ ಮೇಲೆ ಅತ್ತೆ ಸರಾಸರಿ ತೆಗೆದರು. ಮೂವರದು ಏಳು ಪಾಯಿಂಟ್ ಒಂದರ ಆಚೆ ಈಚೆ. ಮಗಳದು ಏಳು ಪಾಯಿಂಟ್ ಸೊನ್ನೆ ನಾಲ್ಕು. ಸೀಮೆಸುಣ್ಣ ಕೆಳಗಿಟ್ಟು, ಕೈ ಕೊಡವಿಕೊಂಡರು.

"ನೋಡು ಪುಟ್ಟಿ. ನಿನ್ನ ಕಣ್ಣೂ ನಮ್ಮ ಕಣ್ಣಿನಷ್ಟೇ ತಪ್ಪು ಮಾಡುತ್ತೆ. ಕಡಿಮೆಯೂ ಇಲ್ಲ, ಜಾಸ್ತಿಯೂ ಇಲ್ಲ."

ಅವಳು ನಕ್ಕಳು. ಅವಳ ಕಣ್ಣಿಗೆ ಪಟ್ಟಿ ಕಟ್ಟಿದಾಗಿನಿಂದ ಎಂಟು ವರ್ಷದಲ್ಲಿ ನನಗೆ ಯಾವ ಡಾಕ್ಟರೂ ಅಂಥ ಒಳ್ಳೆಯ ಮಾತು ಹೇಳಿರಲಿಲ್ಲ.

ಸಂಚಿಕೆ ತಪ್ಪಿತು. ಬೀಳ್ಕೊಡುಗೆಯ ದಿನ ಶಾಲೆಯವರು ಅತ್ತೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನೇ ಅವರ ಗಂಡ ಅಂಗಡಿಯ ಆ ಮೊಳೆಗೆ ಹಾಕಿದರು. "ದಿನಕ್ಕೆ ನಾಲ್ಕು ನಿಮಿಷ ಮುಂದಕ್ಕೆ ಓಡುತ್ತೆ ಇದು," ಅಂದರು ನನ್ನ ಗಂಡನ ತಲೆ ಬಗ್ಗಿಸುತ್ತಾ. "ಇವಳ ನಕ್ಷತ್ರಗಳ ಬಳಗದ್ದೇ ಇರಬೇಕು. ರಿಪೇರಿಗೆ ಕೊಡಕ್ಕೂ ಬಿಡಲ್ಲ."

ಏಳು ತಿಂಗಳಾದ ಮೇಲೆ ಲೇಖನ ಬಂತು. ಅದಕ್ಕೂ ಮುಂಚೆ ಪತ್ರಿಕೆಯವರು, ಒಂದು ಅಂಕಿ ತೀರ ದೂರ ಇದೆ, ಬಿಡಬಹುದಲ್ಲ ಅಂತ ಕೇಳಿದ್ದರಂತೆ. ಅತ್ತೆ ಮೇಷ್ಟ್ರ ಕೈಯಲ್ಲಿ ಉತ್ತರ ಬರೆಸಿದರು: ನೋಡಿದವಳು ನೋಡಿದ್ದು ಅದು, ಬಿಡಲು ಕಾರಣ ನಮ್ಮ ಹತ್ತಿರ ಇಲ್ಲ. ಹಾಗಾಗಿ ಉಳಿಯಿತು. ಕೊನೆಯ ಹೆಸರಿನ ಮುಂದೆ, ಪ್ರಯೋಗಾಲಯ ಸಹಾಯಕಿ, ನಿವೃತ್ತ, ಅಂತ ಇದೆ. ಪ್ರತಿ ಕೊಡಲು ಹೋದಾಗ ಅತ್ತೆ ಅಂಗಡಿಯ ಖಾಲಿ ಕುರ್ಚಿಯಲ್ಲಿ ಕೂತು ತಮ್ಮ ಹೆಸರಿನ ಕಡೆಗೆ ಹೋಗಲೇ ಇಲ್ಲ. ನೇರ ಕೋಷ್ಟಕಕ್ಕೆ ಹೋಗಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದು, ಎಂಟನೆಯದರಲ್ಲಿ ನಿಲ್ಲಿಸಿದರು. "ಇದೆ," ಅಂದರು. ಅವರ ಗಂಡ ಬಗ್ಗಿ ನೋಡಿ, "ನಿನ್ನ ಹೆಸರೆಲ್ಲಿ?" ಅಂದಾಗಲೇ ಪುಟ ತಿರುಗಿಸಿದ್ದು. ಆತ ಅದನ್ನು ಎರಡು ಸಲ ಓದಿದರು. ಆಮೇಲೆ ಕತ್ತರಿ ಒರೆಸುವ ಬಟ್ಟೆಯಲ್ಲಿ ಕನ್ನಡಿ ಒರೆಸಲು ಶುರುಮಾಡಿದರು. ಕನ್ನಡಿ ಚೊಕ್ಕಟವಾಗಿಯೇ ಇತ್ತು.

ಹೋದ ವಾರ ಮಗಳ ಕಣ್ಣಿನ ವಾರ್ಷಿಕ ಪರೀಕ್ಷೆ. ಡಾಕ್ಟರು ಬಲಗಣ್ಣಿಗೆ ಮುಚ್ಚಳ ಹಾಕಿ, ಗೋಡೆಯ ಅಕ್ಷರ ತೋರಿಸಿ, "ಕೊನೆ ಸಾಲು ಕಾಣುತ್ತಾ ಇವಳಿಗೆ?" ಅಂತ ಎಂದಿನ ಹಾಗೆ ನನ್ನನ್ನು ಕೇಳಿದರು. ನನ್ನ ಬಾಯಿ ಎಂದಿನ ಹಾಗೆ ತೆರೆಯಿತು. ಮುಚ್ಚಿದೆ. ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತೆ.

ಡಾಕ್ಟರು ಕಾದರು. ಮಗಳು ಗೋಡೆಯನ್ನೇ ನೋಡುತ್ತಿದ್ದಳು, ಅವಸರವಿಲ್ಲದೆ.

"ಕೊನೇದು ಕಾಣಲ್ಲ," ಅಂದಳು. "ಅದರ ಮೇಲಿನ ಸಾಲಲ್ಲಿ ಮೂರು ಅಕ್ಷರ ಕಾಣುತ್ತೆ. ನಾಲ್ಕನೇದು ಅಂದಾಜು. ಬರ್ಕೊಳ್ಳಿ."